ಐಸಿಯುಗೆ ನಮ್ಮ ಮೇಟ್ರನ್ ಬಂದರು

ನನ್ನ ಗಂಡನ ವೈದ್ಯಶಾಸ್ತ್ರದಲ್ಲಿ ಇರುವುದು ಒಂದೇ ರೋಗ. ಅದರ ಹೆಸರು ಗ್ಯಾಸು. ಎದೆ ಹಿಡಿದರೂ ಗ್ಯಾಸು, ತಲೆ ಸುತ್ತಿದರೂ ಗ್ಯಾಸು. ಒಮ್ಮೆ ಗ್ಯಾರೇಜಿನಲ್ಲಿ ಏಣಿಯಿಂದ ಬಿದ್ದು ಸೊಂಟ ಉಳುಕಿದಾಗಲೂ ಮೊದಲು ಅಜವಾನದ ನೀರು ಕೇಳಿದ ಮಹಾನುಭಾವರು ಅವರು. ಕಳೆದ ವರ್ಷ ಒಂದು ಶನಿವಾರ ಬೆಳಿಗ್ಗೆ ಅಮೆರಿಕದ ಸ್ಯಾನ್ ಹೊಸೆಯ ನಮ್ಮ ಮನೆಯ ಸೋಫಾದ ಮೇಲೆ ಎರಡೆರಡು ರಗ್ಗು ಹೊದ್ದು, ಗಡಗಡ ನಡುಗುತ್ತ, ಹೊಟ್ಟೆಯ ಬಲಗಡೆ ಒತ್ತಿ ಹಿಡಿದುಕೊಂಡು, "ಗ್ಯಾಸ್ ಆಗ್ಯದ, ಹೋಗ್ತದ" ಅಂದರು. ನಾನು ಕಿಟಕಿಯ ಪರದೆ ಸರಿಸಿ ಅವರ ಕಣ್ಣು ಅಗಲಿಸಿ ನೋಡಿದೆ. ಬಿಳಿ ಇರಬೇಕಾದಲ್ಲಿ ಹಳದಿ ಇತ್ತು. ಕಾರಿನ ಕೀಲಿ ತೆಗೆದುಕೊಂಡೆ.

"ಎಲ್ಲಿಗೆ?"

"ಎಮರ್ಜೆನ್ಸಿಗೆ. ಏಳ್ರಿ."

"ಒಂದ್ ತಾಸು ನೋಡೂಣು. ಸೋಡಾ ಕುಡೀತೇನಿ, ಕಡಿಮಿ ಆಗ್ತದ."

"ಆ ಸೋಡಾ ನಿಮ್ಮ ತಲೀ ಮ್ಯಾಲೆ ಸುರೀತೇನಿ. ಏಳ್ರಿ ಅಂದ್ರ ಏಳ್ರಿ."

ಫ್ರೀವೇ ಉದ್ದಕ್ಕೂ ಅವರದು ಒಂದೇ ಸಮನೆ ಉಪದೇಶ. ಇಂಡಿಕೇಟರ್ ಹಾಕು, ಮುಂದಿನ ಟ್ರಕ್ಕಿಗೆ ಅಂಟಿಕೊಂಡು ಹೋಗಬ್ಯಾಡ, ಎಡಗಡೆ ಲೇನು ಯಾಕ ಹಿಡದಿ. ಬೇರೆ ದಿನವಾಗಿದ್ದರೆ ನಡುದಾರಿಯಲ್ಲೇ ಇಳಿಸಿಬಿಡುತ್ತಿದ್ದೆ. ಅವತ್ತು ಮಾತ್ರ ಒಳಗೊಳಗೇ ಖುಷಿಯಾಗುತ್ತಿತ್ತು. ಹೆಂಡತಿಯ ಡ್ರೈವಿಂಗಿನಲ್ಲಿ ತಪ್ಪು ಹುಡುಕುವಷ್ಟು ರಕ್ತ ಇನ್ನೂ ಮೆದುಳಿಗೆ ಹೋಗುತ್ತಿದೆ ಎಂದರೆ ಗಾಬರಿಯಿಲ್ಲ. ಆದರೆ ಎಕ್ಸಿಟ್ಟಿನ ಹತ್ತಿರ ಅವರು ಸುಮ್ಮನಾದರು. ಪರೀಕ್ಷೆ ಮಾಡೋಣವೆಂದು ಬೇಕೆಂದೇ ಇಂಡಿಕೇಟರ್ ಹಾಕದೆ ತಿರುಗಿಸಿದೆ. ಅವರು ತುಟಿ ಪಿಟಕ್ಕೆನ್ನಲಿಲ್ಲ. ಆಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿದೆ.

ನನಗೆ ಇದೆಲ್ಲ ಹೇಗೆ ಗೊತ್ತಾಗುತ್ತದೆ ಎಂದರೆ, ನಾನು ಹಿಂದಿನ ಅವತಾರದಲ್ಲಿ ಮಿಲಿಟರಿ ನರ್ಸು. ಭಾರತದ ಸೈನ್ಯದಲ್ಲಿ ನರ್ಸ್ ಎಂದರೆ ಅಧಿಕಾರಿ, ಹೆಗಲ ಮೇಲೆ ನಕ್ಷತ್ರ ಇರುತ್ತದೆ, ಮೀಸೆ ಹೊತ್ತ ಹವಾಲ್ದಾರರು ಎದ್ದು ನಿಂತು ಸೆಲ್ಯೂಟು ಹೊಡೆಯುತ್ತಾರೆ ಎಂಬುದು ನಮ್ಮ ಕಡೆಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ಹುಬ್ಬಳ್ಳಿಯಲ್ಲಿ ನಮ್ಮ ಅಪ್ಪನಿಗೂ ಗೊತ್ತಿರಲಿಲ್ಲ. ಮಗಳು ಬಿ.ಎಡ್. ಮಾಡಿ ಮನೆಯ ಹತ್ತಿರದ ಶಾಲೆಯಲ್ಲಿ ಟೀಚರ್ ಆಗುತ್ತಾಳೆ ಎಂದುಕೊಂಡಿದ್ದವರಿಗೆ ನಾನು ಯೂನಿಫಾರ್ಮ್ ಹಾಕಿಕೊಂಡು ಬಂದು ನಿಂತಾಗ ಬಾಯಿ ಕಟ್ಟಿಹೋಗಿತ್ತು. ನಾನು ಕ್ಯಾಪ್ಟನ್ ಆಗುವ ಹೊತ್ತಿಗೆ ಮದುವೆಯಾಯಿತು. ಗಂಡ ಅಪ್ಪಟ ಸಿವಿಲಿಯನ್ನು, ಇಂಜಿನಿಯರು. ಮೆಸ್ಸಿನ ಪಾರ್ಟಿಗಳಲ್ಲಿ ಯಾರಾದರೂ ಕರ್ನಲ್ಲು ಕೈಕುಲುಕಿ, ನಿಮ್ಮದು ಯಾವ ರೆಜಿಮೆಂಟು ಎಂದು ಕೇಳಿದರೆ ಇವರು ನನ್ನ ಕಡೆ ಬೆರಳು ತೋರಿಸಿ, "ಇದೇ ರೆಜಿಮೆಂಟು ಸರ್, ರಜಾ ಕೊಡಂಗಿಲ್ಲ" ಅನ್ನುತ್ತಿದ್ದರು. ಆಮೇಲೆ ಅವರ ಕೆಲಸದ ನೆಪದಲ್ಲಿ ಇಲ್ಲಿಗೆ ಬಂದೆವು. ಇಲ್ಲಿ ನರ್ಸ್ ಆಗಬೇಕೆಂದರೆ ಮತ್ತೆ ಪರೀಕ್ಷೆ ಬರೆಯಬೇಕು. ಬರೆಯುವುದಿಲ್ಲ ಹೋಗ್ರಿ ಎಂದು ಹಟ ಹಿಡಿದೆ. ಈಗ ಶಾಲೆಯೊಂದರ ಆಫೀಸಿನಲ್ಲಿ ಕೂತು, ಆಟದ ಬಯಲಲ್ಲಿ ಬಿದ್ದು ಬಂದ ಮಕ್ಕಳ ಮೊಣಕಾಲಿಗೆ ಐಸಿನ ಚೀಲ ಇಡುತ್ತೇನೆ.

ಗ್ಯಾಸಿನ ವಿಷಯಕ್ಕೆ ಬರೋಣ. ಪಿತ್ತಕೋಶದಿಂದ ಕಲ್ಲೊಂದು ಜಾರಿ ನಾಳದಲ್ಲಿ ಸಿಕ್ಕಿಕೊಂಡು, ಅದರ ಹಿಂದೆ ಕೀವು ತುಂಬಿ, ನಂಜು ರಕ್ತಕ್ಕೆ ಇಳಿದಿತ್ತು. ಬಿ.ಪಿ. ಕುಸಿಯಿತು. ಗಂಟಲಿನಿಂದ ನಳಿಗೆ ಇಳಿಸಿ ನಾಳದ ಕೀವು ಹೊರಕ್ಕೆ ಹರಿಯುವಂತೆ ಮಾಡಿದರು. ಆದರೆ ಅಷ್ಟರಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿತು. ಸಂಜೆಯ ಹೊತ್ತಿಗೆ ಮನುಷ್ಯ ಐಸಿಯುನಲ್ಲಿ, ಬಾಯಲ್ಲಿ ಟ್ಯೂಬು, ಉಸಿರಾಡಲು ಯಂತ್ರ. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದಾದ ಡಾಕ್ಟರು ಕಾಗದದ ಮೇಲೆ ಹೊಟ್ಟೆಯ ಚಿತ್ರ ಬಿಡಿಸಿ ನನಗೆ ವಿವರಿಸಿದಳು. ಯಕೃತ್ತು ಬಾಳೆಹಣ್ಣಿನ ಹಾಗೆ ಮೂಡಿತ್ತು. ನಾನು ತಲೆಯಾಡಿಸಿದೆ. ಅಳಲಿಲ್ಲ. ಮುಡಿ ಬಿಗಿದು ಕಟ್ಟಿಕೊಂಡು ಡ್ಯೂಟಿಗೆ ನಿಂತೆ.

ಹೌದು, ಡ್ಯೂಟಿ. ನನ್ನನ್ನು ಯಾರೂ ಕೇಳಿರಲಿಲ್ಲ. ಮಂಚದ ಬದಿಯ ಕುರ್ಚಿಯಲ್ಲಿ ಬೆನ್ನು ಸೆಟೆಸಿ ಕೂತು ಮಾನಿಟರು ನೋಡುತ್ತಿದ್ದೆ. ಬಿ.ಪಿ. ಒಂದು ಪಾಯಿಂಟು ಇಳಿದರೆ ಎದ್ದು ನಿಲ್ಲುತ್ತಿದ್ದೆ. ಮೂತ್ರದ ಚೀಲ ಬಗ್ಗಿ ನೋಡುತ್ತಿದ್ದೆ. ಔಷಧದ ಪಂಪು ಕೂಗಿದರೆ ನರ್ಸು ಬರುವ ಮುಂಚೆಯೇ ಬಾಗಿಲಿಗೆ ಹೋಗಿ ಅವನನ್ನು ಕೈಬೀಸಿ ಕರೆಯುತ್ತಿದ್ದೆ. ಹಾಸಿಗೆಯ ಚಾದರ ಅವರು ಹಾಕಿದ್ದು ನನಗೆ ಸರಿಬರಲಿಲ್ಲ. ಮೂಲೆಗಳನ್ನು ಬಿಚ್ಚಿ, ಮಿಲಿಟರಿ ಆಸ್ಪತ್ರೆಯಲ್ಲಿ ಕಲಿಸಿದ ಹಾಗೆ ಕೋನ ಮಾಡಿ ಮಡಚಿ ಸಿಕ್ಕಿಸಿದೆ. ಹಗಲಿನ ನರ್ಸು ಆರಡಿ ಎತ್ತರದ ಆಳು, ತೋಳಿನ ತುಂಬ ಹಚ್ಚೆಯ ಹಾವು. ಅವನು ಬಂದು, "ಹೌ ಆರ್ ವೀ ಡೂಯಿಂಗ್, ಸ್ವೀಟೀ?" ಎಂದ. ಸ್ವೀಟೀ! ಗುಂಡೇಟು ತಿಂದ ಸುಬೇದಾರರು ನನ್ನ ಹೆಜ್ಜೆಯ ಸದ್ದಿಗೆ ಬೀಡಿ ನುಂಗಿದ್ದಾರೆ. ಅವನಿಗೆ ಸರಿಯಾಗಿ ಜಾಡಿಸಬೇಕು ಎಂದುಕೊಂಡೆ. ಆದರೆ ಆ ಪುಣ್ಯಾತ್ಮ ಕೆಲಸದಲ್ಲಿ ಅಷ್ಟು ಚೊಕ್ಕ, ಬಯ್ಯಲು ಒಂದು ಸಂದಿಯೂ ಸಿಗಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಫೋನಿನ ಕೆಲಸವನ್ನೂ ಶಿಸ್ತಾಗಿ ಮುಗಿಸಿದೆ. ಇವರ ಆಫೀಸಿಗೆ, ಅಕ್ಕಪಕ್ಕದವರಿಗೆ, ಬೆಳಗಾವಿಯಲ್ಲಿರುವ ನಾದಿನಿಗೆ, ಎಲ್ಲರಿಗೂ ಒಂದೇ ದನಿಯಲ್ಲಿ ವರದಿ ಕೊಟ್ಟೆ. ನಾದಿನಿ ಅಲ್ಲಿ ಗೋಳೋ ಎಂದು ಅತ್ತಳು, ನಾನು ಇಲ್ಲಿಂದ ಸಮಾಧಾನ ಮಾಡಿದೆ. ಸಮಾಧಾನ ಆದಮೇಲೆ ಅವಳು, ನಿಂಬೆಹಣ್ಣಿನ ರಸದಲ್ಲಿ ಆಲಿವ್ ಎಣ್ಣೆ ಕಲಸಿ ಕುಡಿಸಿದರೆ ಕಲ್ಲು ಕರಗುತ್ತದೆಯಂತೆ ಎಂಬ ವಿಡಿಯೋ ಕಳಿಸಿದಳು. ಗಂಟಲಲ್ಲಿ ಟ್ಯೂಬು ಇರುವವನಿಗೆ ಎಲ್ಲಿಂದ ಕುಡಿಸಲಿ ತಾಯಿ ಎಂದು ಕೇಳಲಿಲ್ಲ. ಥ್ಯಾಂಕ್ಸ್ ಎಂದು ಬರೆದೆ.

ಕೆಲವು ದಿನ ಕಳೆದ ಮೇಲೆ ಡಾಕ್ಟರು ಯಂತ್ರದ ಸಹಾಯ ತಗ್ಗಿಸಿ, ಸ್ವಂತ ಉಸಿರಾಡುತ್ತಾರಾ ಎಂದು ನೋಡಿದರು. ಆಡಲಿಲ್ಲ. ಎದೆ ಪಕ್ಕೆಗಳ ನಡುವೆ ಒಳಕ್ಕೆ ಸೇದಿಕೊಂಡಿತು, ಹಣೆಯ ಮೇಲೆ ಬೆವರು ಕಿತ್ತುಬಂತು. ಮತ್ತೆ ಯಂತ್ರವನ್ನು ಮೊದಲಿನಂತೆ ಮಾಡಿದರು. ಇನ್ನೊಂದೆರಡು ದಿನ ಬಿಟ್ಟು ಮತ್ತೆ ಪ್ರಯತ್ನ ಮಾಡೋಣ ಎಂದಳು ಡಾಕ್ಟರು. ಯಾವ ಸೆಟ್ಟಿಂಗಿನಲ್ಲಿ, ಎಷ್ಟು ಆಕ್ಸಿಜನ್ನಿನಲ್ಲಿ, ಮಂಪರಿನ ಔಷಧ ಪೂರ್ತಿ ಇಳಿಸಿದ್ದಿರಾ ಇಲ್ಲವಾ ಎಂದು ನಾನು ಅಡ್ಡಪ್ರಶ್ನೆ ಹಾಕಿದೆ. ಅವಳು ಉತ್ತರ ಹೇಳಿದಳು. ನಾನು ಮತ್ತೆ ಕೇಳಿದೆ. ಮಗಳು ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದಳು. ಕಾಲೇಜಿಗೆ ರಜೆ ಹಾಕಿ ಬಂದಿದ್ದ ಅವಳ ಕಣ್ಣು ಅತ್ತತ್ತು ಊದಿದ್ದವು.

"ಅಮ್ಮಾ, ಯೂ ಆರ್ ಸ್ಕೇರಿಂಗ್ ಎವ್ರಿವನ್. ಪ್ಲೀಸ್, ಜಸ್ಟ್ ಬಿ ಅಮ್ಮ."

"ಮತ್ತ ನಾನೇನು ಅತ್ತಿ ಆಗೇನೇನು?" ಎಂದು ರೇಗಿದೆ.

ಅವಳು ನನಗೆ ಹೇಳದೆ ಹತ್ತಿರದ ಊರು ಹೇವರ್ಡಿಗೆ ಫೋನ್ ಮಾಡಿದಳು. ಹೇವರ್ಡಿನಲ್ಲಿ ಇರುವವಳು ನನ್ನ ಬ್ಯಾಚಿನ ಗೆಳತಿ, ಮಂಗಳೂರಿನ ಕ್ರಿಶ್ಚಿಯನ್ ಹುಡುಗಿ. ಹುಡುಗಿ ಎಂದರೆ ಈಗ ಅಜ್ಜಿ. ನಾವಿಬ್ಬರೂ ಒಂದೇ ದಿನ ಸೈನ್ಯದ ಅಧಿಕಾರಿಗಳಾಗಿ ಕಮಿಷನ್ ಪಡೆದು, ಒಂದೇ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಇದ್ದವರು. ನಮ್ಮಿಬ್ಬರ ಮೇಲಿನ ಅಧಿಕಾರಿಯಾಗಿದ್ದ ಮೇಟ್ರನ್, ಕೊಡಗಿನವರು, ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾಗಿ ಈಗ ಮಗನ ಮನೆಯಲ್ಲಿ, ನಮ್ಮೂರಿನದೇ ಬಡಾವಣೆ ಬೆರ್ರಿಯೆಸಾದಲ್ಲಿ ಇದ್ದಾರೆ. ಆಗಾಗ ನಾವು ಮೂವರೂ ಅವರ ಮನೆಯಲ್ಲಿ ಸೇರುತ್ತೇವೆ. ಮೇಟ್ರನ್ ರಮ್ಮು ಸುರಿದುಕೊಡುತ್ತಾರೆ, ನಾವು ಸತ್ತ ಬ್ರಿಗೇಡಿಯರುಗಳ ಬಗ್ಗೆ ಸುಳ್ಳುಪಳ್ಳು ಮಾತಾಡಿ ನಗುತ್ತೇವೆ.

ಇಂಥವರಿಗೆ ನಾನೇ ಯಾಕೆ ಮೊದಲು ಹೇಳಲಿಲ್ಲ ಎಂದು ನೀವು ಕೇಳಬಹುದು. ಮಿಲಿಟರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು ಯಾರೂ ಕೇಳುವುದಿಲ್ಲ. ವಾರ್ಡು ಚೊಕ್ಕಟ ಆಗುವ ಮುಂಚೆ ಮೇಟ್ರನ್‌ಗೆ ವಾರ್ಡು ತೋರಿಸಬಾರದು. ಮೊದಲು ಎಲ್ಲ ಸರಿಮಾಡಬೇಕು, ಆಮೇಲೆ ಬಾಗಿಲು ತೆಗೆಯಬೇಕು. ಇಲ್ಲಿ ಗಂಡ ಸಾಯಲು ಬಿದ್ದಿದ್ದಾನೆ, ವಾರ್ಡು ಸರಿಹೋಗಿಲ್ಲ, ಈಗ ಹೇಗೆ ಕರೆಯಲಿ? ಪ್ರಾಮಾಣಿಕವಾಗಿ ಹೇಳುತ್ತೇನೆ, ನನ್ನ ತಲೆ ಅವತ್ತು ಹೀಗೆಯೇ ಓಡುತ್ತಿತ್ತು.

ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ಬಂದರು. ಮೊದಲು ಮಂಗಳೂರಿನವಳ ದನಿ ಕೇಳಿಸಿತು, ಕೈಯಲ್ಲಿ ಊಟದ ಡಬ್ಬಿ.

"ಎಂತ ಮಾರಾಯ್ತಿ ಇದು! ನಾವು ಸತ್ತಿದ್ದೇವೆ ಅಂತ ತಿಳ್ಕೊಂಡಿದ್ದೀಯಾ? ನಿನ್ನ ಮಗಳು ಹೇಳ್ಬೇಕಾ ನಮಗೆ?"

ಅವಳ ಹಿಂದೆ ಮೇಟ್ರನ್. ಎಪ್ಪತ್ತು ದಾಟಿದರೂ ಬೆನ್ನು ಗೆರೆ ಎಳೆದಂತೆ ನೇರ. ಕತ್ತರಿಸಿದ ಬಿಳಿ ಕೂದಲು, ಕಿವಿಯಲ್ಲಿ ಮುತ್ತು, ಇಸ್ತ್ರಿ ಮಾಡಿದ ಬಿಳಿ ಸಲ್ವಾರು, ಕಾಲಲ್ಲಿ ಬಿಳಿ ಬೂಟು. ಬಾಗಿಲಲ್ಲಿ ನಿಂತು ಕೋಣೆಯನ್ನು ಒಂದು ಸುತ್ತು ನೋಡಿದರು. ಆಮೇಲೆ ಕಿಟಕಿಯ ದಂಡೆಯ ಮೇಲೆ ಬೆರಳು ಎಳೆದು, ಬೆರಳ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. ಬಳಸಿದ ಸೂಜಿ ಹಾಕುವ ಡಬ್ಬಿ ತುಂಬಿದೆಯೇ ಎಂದು ಇಣುಕಿದರು. ಮಂಚದ ಚಾದರದ ಮೂಲೆ ನೋಡಿ, "ಇದು ನಮ್ಮವಳ ಕೆಲಸ" ಎಂದರು.

ಹೊರಗೆ ಗುಸುಗುಸು ಎದ್ದಿತು. ಆ ನೋಟ, ಆ ಬೂಟು, ಆ ಬೆರಳು ನೋಡಿ ಸಿಬ್ಬಂದಿಯವರು ಇವರನ್ನು ಎಲ್ಲಿಂದಲೋ ಹೇಳದೆ ಕೇಳದೆ ಬಂದ ಇನ್‌ಸ್ಪೆಕ್ಟರ್ ಎಂದುಕೊಂಡಿದ್ದರು. ಯಾರೋ ಓಡಿ ಬಂದು ಕಾರಿಡಾರಿನ ತಳ್ಳುಗಾಡಿ ಸರಿಸಿದರು. ಹಾವಿನ ಹಚ್ಚೆಯವನು ತೋಳಿನ ಬಟ್ಟೆ ಕೆಳಗೆ ಎಳೆದುಕೊಂಡು ಅಟೆನ್ಷನ್ನಿನಲ್ಲಿ ನಿಂತ. ಮೇಟ್ರನ್ ಅವನಿಗೆ ಎರಡು ಪ್ರಶ್ನೆ ಕೇಳಿದರು. ಅವನು, "ಎಸ್ ಮ್ಯಾಮ್, ನೋ ಮ್ಯಾಮ್" ಎಂದ. ಮೇಟ್ರನ್ ನನ್ನ ಕಡೆ ತಿರುಗಿ, "ಹುಡುಗ ಒಳ್ಳೇ ಕೆಲಸ ಮಾಡ್ತಿದಾನೆ. ನೀನ್ಯಾಕೆ ಅವನ ಜೀವ ತಿಂತಿದೀಯ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮುಂಚೆಯೇ ಅವರು ಮಂಚದ ಕಾಲುಬುಡಕ್ಕೆ ಹೋಗಿ ಕೈಗಳನ್ನು ಹಿಂದೆ ಕಟ್ಟಿ ನಿಂತರು.

"ಕ್ಯಾಪ್ಟನ್, ರಿಪೋರ್ಟ್ ಕೊಡು."

ನಮ್ಮಲ್ಲಿ ಡ್ಯೂಟಿ ಮುಗಿಸುವ ಸಿಸ್ಟರು ಮಂಚದ ಪಕ್ಕ ನಿಂತು, ಮುಂದಿನವಳಿಗೆ ರೋಗಿಯ ಪೂರ್ತಿ ವರದಿ ಬಾಯಲ್ಲಿ ಒಪ್ಪಿಸಬೇಕು. ಒಪ್ಪಿಸದೆ ಹೋಗುವಂತಿಲ್ಲ. ಮುಂದಿನವಳು ತಗೊಂಡೆ ಎನ್ನುವವರೆಗೆ ರೋಗಿ ನಿನ್ನವನೇ. ಎಷ್ಟೋ ವರ್ಷ ಮಾಡಿದ ಕೆಲಸ. ನನ್ನ ಹಿಮ್ಮಡಿಗಳು ತಾವೇ ಕೂಡಿಕೊಂಡವು.

"ರೋಗಿ ಗಂಡಸು, ವಯಸ್ಸು ಐವತ್ತೆಂಟು, ಮ್ಯಾಡಮ್. ಪಿತ್ತನಾಳದ ಸೋಂಕು, ರಕ್ತಕ್ಕೆ ನಂಜು. ವೆಂಟಿಲೇಟರ್ ಮೇಲೆ ಇದಾರೆ. ಬಿ.ಪಿ.ಗೆ ಔಷಧ ನಡೀತಿದೆ, ನಿನ್ನೆಗಿಂತ ಕಡಿಮೆ. ಮೂತ್ರ ಕಡಿಮೆ ಇತ್ತು, ಬೆಳಿಗ್ಗೆಯಿಂದ ಸುಧಾರಿಸಿದೆ. ನಿನ್ನೆ ಉಸಿರಿನ ಪರೀಕ್ಷೆ ಮಾಡಿದ್ರು, ಫೇಲ್ ಆಯ್ತು."

ದನಿ ಒಂದಿಷ್ಟೂ ನಡುಗಲಿಲ್ಲ. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

"ಡಿ.ಐ. ಇದಾರಾ?"

ಇದು ನಮ್ಮ ಆಸ್ಪತ್ರೆಗಳ ಮಾತು. ರೋಗಿ ಉಳಿಯುವುದು ಅನುಮಾನ ಎನಿಸಿದಾಗ ಡಾಕ್ಟರು ಅವನನ್ನು ಡಿ.ಐ. ಎಂದು ಘೋಷಿಸುತ್ತಾರೆ, ಪ್ರಾಣಾಪಾಯದಲ್ಲಿ ಇದ್ದಾನೆ ಎಂದು ಅರ್ಥ. ಘೋಷಿಸಿದ ತಕ್ಷಣ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಅವನ ಹತ್ತಿರದ ಸಂಬಂಧಿಗೆ, ಸಾಮಾನ್ಯವಾಗಿ ಹೆಂಡತಿಗೆ, ಸುದ್ದಿ ಮುಟ್ಟಿಸಬೇಕು. ಎಂಥ ಹಳ್ಳಿಯ ಮೂಲೆಯಲ್ಲಿದ್ದರೂ ಮುಟ್ಟಿಸಬೇಕು. ಆಕೆ ಬಂದರೆ ಇರಲು ಜಾಗ, ಊಟ, ಜೊತೆಗೊಬ್ಬರು, ಎಲ್ಲ ಆಸ್ಪತ್ರೆಯ ಹೊಣೆ. ನಾನೇ ಎಷ್ಟೋ ಹೆಂಗಸರನ್ನು ಸ್ಟೇಷನ್ನಿನಿಂದ ಕರೆತರಿಸಿ, ಕೈಹಿಡಿದು ವಾರ್ಡಿಗೆ ಕರೆದುಕೊಂಡು ಹೋಗಿದ್ದೆ.

"ಇದಾರೆ, ಮ್ಯಾಡಮ್. ಡಿ.ಐ."

"ಹೆಂಡತಿಗೆ ಹೇಳಿದೀರಾ?"

ನನ್ನ ಬಾಯಲ್ಲಿ ಹೌದು ಎಂಬ ಮಾತು ತಯಾರಾಗಿಯೇ ಇತ್ತು. ಹೊರಗೆ ಬರಲಿಲ್ಲ. ನಾದಿನಿಗೆ ಹೇಳಿದ್ದೆ. ಆಫೀಸಿಗೆ ಹೇಳಿದ್ದೆ. ಎದುರುಮನೆಯ ನಾಯಿಯ ಯಜಮಾನಿಗೂ ಹೇಳಿದ್ದೆ. ನಾನು ಮಂಚದ ಕಡೆ ನೋಡಿದೆ. ಗಡ್ಡ ಬೆಳೆದು, ಮುಖ ಊದಿ, ತುಟಿಯ ಮೂಲೆಯಲ್ಲಿ ಪ್ಲಾಸ್ಟರು ಅಂಟಿಸಿಕೊಂಡು ಮಲಗಿದ್ದ ಆ ಗಂಡಸಿನ ಹೆಂಡತಿ ಎಲ್ಲಿದ್ದಾಳೆ ಎಂದು ಒಂದು ಕ್ಷಣ ನಿಜವಾಗಿಯೂ ಹುಡುಕಿದೆ.

"ಇಲ್ಲ, ಮ್ಯಾಡಮ್" ಎಂದೆ.

"ಸರಿ. ಪೇಷಂಟನ್ನ ನಾನು ತಗೊಂಡೆ. ನೀನು ಡ್ಯೂಟಿಯಿಂದ ಬಿಡುಗಡೆ."

ಆಮೇಲೆ ಮೇಟ್ರನ್ ಮಾಡಿದ್ದನ್ನು ನಾನು ಬದುಕಿರುವವರೆಗೆ ಮರೆಯುವುದಿಲ್ಲ. ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ಇನ್ನೊಂದು ಸ್ಟೂಲು ಎಳೆದುಕೊಂಡು, ಮಂಡಿ ನೋವಿಗೆ ಅಯ್ಯಪ್ಪಾ ಎನ್ನುತ್ತ, ನನ್ನ ಎದುರಿಗೆ ಕೂತರು. ಕೆಟ್ಟ ಸುದ್ದಿಯನ್ನು ನಿಂತುಕೊಂಡು ಹೇಳಬಾರದು, ಬಾಗಿಲಲ್ಲಿ ಹೇಳಬಾರದು, ಕಣ್ಣಿನ ಮಟ್ಟಕ್ಕೆ ಕೂತು ಹೇಳಬೇಕು ಎಂದು ನಮಗೆ ಕಲಿಸಿದವರೇ ಅವರು. ನನ್ನ ಎರಡೂ ಕೈ ಹಿಡಿದುಕೊಂಡರು. ಜೀವಮಾನವಿಡೀ ನನ್ನನ್ನು ನೀನು ಎಂದೇ ಕರೆದವರು ಆಗ ನೀವು ಎಂದರು.

"ನೋಡಿಮ್ಮಾ, ನಿಮ್ಮ ಯಜಮಾನರಿಗೆ ತುಂಬಾ ಸೀರಿಯಸ್ ಆಗಿದೆ. ಉಳೀಬಹುದು, ಉಳೀದೇನೂ ಇರಬಹುದು. ಅವರನ್ನ ನೋಡ್ಕೊಳ್ಳೋಕೆ ನಾವೆಲ್ಲ ಇದೀವಿ. ನೀವು ಅವರ ಹತ್ರ ಕೂತ್ಕೊಳ್ಳಿ."

ಈ ಮಾತುಗಳನ್ನು ನಾನೇ ಎಷ್ಟು ಜನರಿಗೆ ಹೇಳಿದ್ದೆನೋ. ಕೇಳಿಸಿಕೊಂಡಿದ್ದು ಅದೇ ಮೊದಲು. ಅತ್ತುಬಿಟ್ಟೆ ನೋಡಿ, ಮರ್ಯಾದಸ್ಥರ ಅಳು ಅಲ್ಲ ಅದು. ನಮ್ಮ ಕಡೆ ಹೆಣದ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಾರಲ್ಲ, ಹಾಗೆ, ರಾಗ ಹಚ್ಚಿ. ಯಪ್ಪಾ, ಯವ್ವಾ, ನನಗ ಬಿಟ್ಟು ಹೋಗಬ್ಯಾಡ್ರಿ ಎಂದೆಲ್ಲ ಕೂಗಿದೆನಂತೆ. ಹಾವಿನ ಹಚ್ಚೆಯವನು ಬಂದು ಸದ್ದಿಲ್ಲದೆ ಗಾಜಿನ ಬಾಗಿಲು ಎಳೆದುಕೊಂಡು ಹೋದ. ಮಗಳು ಓಡಿಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ಮಂಗಳೂರಿನವಳು ತಾನೂ ಅಳುತ್ತ, "ಅಳು ಮಾರಾಯ್ತಿ, ಅಳು, ಇಲ್ಲಿ ಕನ್ನಡ ಬರುವವರು ಯಾರೂ ಇಲ್ಲ" ಎಂದು ಧೈರ್ಯ ಹೇಳಿದಳು.

ಅಂದಿನಿಂದ ಅವರಿಬ್ಬರೂ ಪಾಳಿ ಹಾಕಿಕೊಂಡರು. ಡಾಕ್ಟರುಗಳು ಬಂದಾಗ ಪ್ರಶ್ನೆ ಕೇಳುವುದು ಮೇಟ್ರನ್ ಕೆಲಸ. ಉತ್ತರ ನನಗೆ ಬೇಕಾದಷ್ಟು ಮಾತ್ರ ಹೇಳುತ್ತಿದ್ದರು. ನಾನು ಮಾನಿಟರಿನ ಕಡೆ ಕತ್ತು ತಿರುಗಿಸಿದರೆ ಮಂಗಳೂರಿನವಳು ಕೈಮೇಲೆ ಪಟ್ಟನೆ ಹೊಡೆಯುತ್ತಿದ್ದಳು. ಮೊದಲ ದಿನವೇ ಮೇಟ್ರನ್, "ನಿನ್ನ ಹತ್ರ ನಾತ ಬರ್ತಿದೆ, ಹೋಗಿ ಸ್ನಾನ ಮಾಡು" ಎಂದು ಮನೆಗೆ ಅಟ್ಟಿದರು. ಸ್ನಾನದ ಮನೆಯಲ್ಲಿ ಇವರ ಹಲ್ಲುಜ್ಜುವ ಬ್ರಷ್ಷು ಎದುರಿಗೇ ನಿಂತಿತ್ತು. ಇವರಿಲ್ಲದೆ ಹೋದರೆ ಏನು ಮಾಡಲಿ ಎಂಬ ಯೋಚನೆಯನ್ನು ನಾನು ಅಷ್ಟು ದಿನ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಈಗ ಬಿಸಿನೀರಿನ ಕೆಳಗೆ ನಿಂತಾಗ ಬಂತು. ನನಗೆ ಭಯವಾಯಿತು. ಈ ಮನುಷ್ಯ ಹೋದರೆ ನಾನು ಬದುಕುತ್ತೇನೆ, ಅದು ಗೊತ್ತು. ಆದರೆ ಹಾಗೆ ಬದುಕಲು ನನಗೆ ಇಷ್ಟವಿರಲಿಲ್ಲ.

ಹೆಂಡತಿಯಾಗಿ ಕೂರುವುದು ನರ್ಸಾಗಿ ನಿಲ್ಲುವುದಕ್ಕಿಂತ ಕಷ್ಟದ ಕೆಲಸ. ಕೈಗೆ ಏನೂ ಕೆಲಸವಿಲ್ಲ. ಏನು ಮಾತಾಡಬೇಕು ತಿಳಿಯದೆ ಮೊದಲ ದಿನ ಅವರ ಕೈ ಹಿಡಿದುಕೊಂಡು, ಗೊತ್ತಿಲ್ಲದಂತೆ ನಾಡಿ ಎಣಿಸುತ್ತಿದ್ದೆ. ಮಂಗಳೂರಿನವಳಿಗೆ ಗೊತ್ತಾಗಿಹೋಯಿತು.

"ಏಯ್, ನಾಡಿ ನೋಡ್ಲಿಕ್ಕೆ ಯಾರು ಹೇಳಿದ್ದು ನಿಂಗೆ? ಕೈ ಹಿಡಿ ಅಂದ್ರೆ ಕೈ ಹಿಡಿ. ಹೆಂಡತಿ ಕೆಲಸ ನಿಂಗೆ ಎಂತದೂ ಬರುದಿಲ್ಲ. ನಿನ್ನ ಗಂಡ ಹೇಗೆ ಸುಧಾರಿಸಿದನೋ ಇಷ್ಟು ವರ್ಷ!"

"ಅವ್ರನ್ನ ಕೇಳು, ಎದ್ದಮ್ಯಾಲೆ" ಎಂದೆ.

"ಕೇಳ್ತೇನೆ. ನನ್ನ ಹತ್ರ ನಿಜ ಹೇಳ್ತಾರೆ ಅವರು."

ಅವಳು ಮೂಲೆಯಲ್ಲಿ ಕೂತು ಜಪಮಾಲೆ ಎಣಿಸುತ್ತಿದ್ದಳು. ಮಾತೆಗೆ ಒಂದು ಪ್ರಾರ್ಥನೆ, ನಡುವೆ ನನಗೆ ಒಂದು ಬೈಗುಳ. ಮಧ್ಯಾಹ್ನ ವೇಟಿಂಗ್ ರೂಮಿನಲ್ಲಿ ಮೀನುಸಾರಿನ ಡಬ್ಬಿ ಬಿಚ್ಚಿದಾಗ ಆ ಕಡೆಯ ಕುಟುಂಬವೊಂದು ಎದ್ದು ಬೇರೆ ಮೂಲೆಗೆ ಹೋಯಿತು. ನಾನು ಹುಟ್ಟು ಶಾಕಾಹಾರಿ. ನನಗೆ ಬೇರೆ ಡಬ್ಬಿಯಲ್ಲಿ ನೀರುದೋಸೆ ತಂದಿದ್ದಳು. ಮೇಟ್ರನ್ ತಮ್ಮ ಚೀಲದಿಂದ ಚಿಕ್ಕ ಫ್ಲಾಸ್ಕು ತೆಗೆದು ನನ್ನ ಕಾಫಿಗೆ ಏನೋ ಬೆರೆಸಿದರು. ಕೇಳಿದರೆ, "ಕೆಮ್ಮಿನ ಔಷಧ" ಎಂದರು. ಯಾವ ರಮ್ಮಿನ ಸೀಸೆಯಿಂದ ಬಂದ ಕೆಮ್ಮಿನ ಔಷಧ ಎಂದು ವಾಸನೆಯಲ್ಲೇ ತಿಳಿಯಿತು. ಕುಡಿದೆ.

ನಿಧಾನಕ್ಕೆ ಕಲಿತೆ. ಪ್ರೀತಿಯ ಮಾತು ನಮ್ಮಿಬ್ಬರಿಗೂ ಅಭ್ಯಾಸವಿಲ್ಲ. ಹಾಗಾಗಿ ಜಗಳ ಶುರುಮಾಡಿದೆ. ಅವರ ಪಾದಗಳಿಗೆ ಕೊಬ್ಬರಿಎಣ್ಣೆ ತಿಕ್ಕುತ್ತ, ಗ್ಯಾರೇಜಿನಲ್ಲಿ ತುಂಬಿಸಿಟ್ಟ ಹಳೇ ಕಂಪ್ಯೂಟರುಗಳನ್ನು ಯಾವಾಗ ಎಸೆಯುತ್ತೀರಿ ಎಂದು ಕೇಳಿದೆ. ಮನೆಗೆ ಬಂದವರಿಗೆಲ್ಲ ನನ್ನ ಉಪ್ಪಿಟ್ಟಿನ ಬಗ್ಗೆ ಚಾಡಿ ಹೇಳುವುದನ್ನು ಬಿಡುತ್ತೀರೋ ಇಲ್ಲವೋ ಎಂದು ಕೇಳಿದೆ. ಮಂಪರಿನ ಔಷಧ ಕಡಿಮೆ ಮಾಡಿದ್ದರು. ಉಪ್ಪಿಟ್ಟು ಎಂದಾಗ ಅವರ ಹುಬ್ಬು ಒಂದಿಷ್ಟು ಮೇಲಕ್ಕೆ ಹೋಯಿತು. ನನ್ನ ಮೇಲಾಣೆ, ಹೋಯಿತು. ಮಗಳೂ ನೋಡಿದಳು.

"ಅಮ್ಮಾ, ಹೀ ಹರ್ಡ್ ಯೂ! ಸೇ ಇಟ್ ಅಗೇನ್!"

"ಉಪ್ಪಿಟ್ಟು" ಎಂದೆ ಗಟ್ಟಿಯಾಗಿ. ಇನ್ನೊಮ್ಮೆ ಹುಬ್ಬು ಹಾರಲಿಲ್ಲ. ಆದರೆ ನಮಗೆ ಅಷ್ಟು ಸಾಕಾಗಿತ್ತು.

ಮತ್ತೆ ಉಸಿರಿನ ಪರೀಕ್ಷೆ ಮಾಡಿದರು. ಈ ಸಲ ತಕ್ಕಮಟ್ಟಿಗೆ ಪಾಸಾದರು. ಮರುದಿನ ಬೆಳಿಗ್ಗೆಯೇ ಟ್ಯೂಬು ತೆಗೆದು ನೋಡೋಣ ಎಂದು ಡಾಕ್ಟರು ನಿರ್ಧರಿಸಿದಳು. ನಮ್ಮನ್ನೆಲ್ಲ ಕೂರಿಸಿ ಮುಚ್ಚುಮರೆಯಿಲ್ಲದೆ ಹೇಳಿದಳು: ತೆಗೆದ ಮೇಲೆ ಉಸಿರು ಹಿಡಿಯದಿದ್ದರೆ ಮತ್ತೆ ಹಾಕಬೇಕು. ಆಗ ಕುತ್ತಿಗೆಯಲ್ಲಿ ರಂಧ್ರ ಮಾಡಬೇಕಾಗುತ್ತದೆ, ತಿಂಗಳುಗಟ್ಟಲೆ ಯಂತ್ರದ ಮೇಲೆ ಇರಬೇಕಾಗಬಹುದು. ಅವರ ದೇಹ ಅದನ್ನೆಲ್ಲ ತಡೆದೀತು ಎಂದು ಹೇಳಲು ತನ್ನಿಂದ ಆಗದು ಎಂದಳು. ಒಳ್ಳೆಯ ಹುಡುಗಿ. ಕೂತುಕೊಂಡೇ ಹೇಳಿದಳು. ಮೇಟ್ರನ್ ಮೆಚ್ಚಿ ತಲೆಯಾಡಿಸಿದರು.

ಟ್ಯೂಬು ತೆಗೆಯುವಾಗ ಮನೆಯವರು ಹೊರಗೆ ಇರುವುದು ವಾಡಿಕೆ. ಮೇಟ್ರನ್ ಸಿಬ್ಬಂದಿಯ ಜೊತೆ ಏನು ಮಾತಾಡಿದರೋ, ನನ್ನನ್ನು ಒಳಗೆ ಬಿಟ್ಟರು. ನಾನು ಮಂಚದ ಎಡಗಡೆ ಹೋಗಿ ನಿಂತೆ. ಕಣ್ಣು ತಾನಾಗಿಯೇ ಮಾನಿಟರಿಗೆ ಹೋಯಿತು. ಮೇಟ್ರನ್ ಬಂದು ನನಗೂ ಮಾನಿಟರಿಗೂ ನಡುವೆ ನಿಂತರು.

"ನಂಬರ್ ನಾನು ನೋಡ್ತೀನಿ. ನೀನು ಮುಖ ನೋಡು."

ಮುಖ ನೋಡಿದೆ. ಒಂದು ನಂಬರೂ ಗೊತ್ತಿಲ್ಲದೆ ರೋಗಿಯೊಬ್ಬನ ಪಕ್ಕ ನಾನು ಅದುವರೆಗೆ ನಿಂತಿರಲಿಲ್ಲ. ಕಣ್ಣುರೆಪ್ಪೆ ಅದುರುತ್ತಿದ್ದವು. ಮೂಗಿನ ಪಕ್ಕದ ಮಚ್ಚೆಯ ಮೇಲೆ ಒಂದು ಬಿಳಿಕೂದಲು ಹುಟ್ಟಿತ್ತು, ಅದು ಯಾವಾಗ ಹುಟ್ಟಿತೋ ನಾನು ನೋಡಿರಲಿಲ್ಲ. ಹಚ್ಚೆಯವನು ಪ್ಲಾಸ್ಟರು ಬಿಡಿಸಿದ. ಇನ್ನೊಬ್ಬಳು, ಕೆಮ್ಮಿ ಸರ್, ಜೋರಾಗಿ ಕೆಮ್ಮಿ ಎನ್ನುತ್ತ ಟ್ಯೂಬನ್ನು ಒಂದೇ ಎಳೆತಕ್ಕೆ ಹೊರಗೆ ತೆಗೆದಳು. ಅವರು ಕೆಮ್ಮಿದರು, ಉಬ್ಬಳಿಸಿದರು, ಮುಖ ಕೆಂಪಾಯಿತು. ಆಮೇಲೆ ಏನೂ ಇಲ್ಲ. ಎದೆ ಏಳಲಿಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ, ನನ್ನ ಉಸಿರೂ ನಿಂತಿತ್ತು. ಮೇಟ್ರನ್ ನನ್ನ ಹೆಗಲನ್ನು ಬಿಗಿಯಾಗಿ ಹಿಡಿದರು.

ಆಗ ಎದೆ ಎದ್ದಿತು. ಇಳಿಯಿತು. ಮತ್ತೆ ಎದ್ದಿತು. ಮೂಗಿಗೆ ಆಕ್ಸಿಜನ್ನಿನ ನಳಿಗೆ ಹಾಕಿದರು. ಉಸಿರಿಗೆ ಗೊರಗೊರ ಸದ್ದು ಇತ್ತು, ಆದರೆ ಅದು ಅವರದೇ ಉಸಿರು. ಮೇಟ್ರನ್ ಹಿಂದೆ ತಿರುಗಿ ಮಾನಿಟರು ನೋಡಿದರು, ಹೆಗಲ ಮೇಲಿನ ಕೈ ಸಡಿಲವಾಯಿತು. ನನ್ನ ಕಣ್ಣಿನಿಂದ ಮೂಗಿನಿಂದ ಒಟ್ಟಿಗೇ ನೀರು ಸುರಿಯತೊಡಗಿತು. ಒರೆಸಿಕೊಳ್ಳಲು ಹೋಗಲಿಲ್ಲ.

ಅವರು ಕಣ್ಣು ಬಿಟ್ಟರು. ಸೂರು ನೋಡಿದರು, ಮೇಟ್ರನ್‌ರನ್ನು ನೋಡಿದರು, ಬಾಗಿಲಲ್ಲಿ ಜಪಮಾಲೆ ಹಿಡಿದು ನಿಂತಿದ್ದ ಮಂಗಳೂರಿನವಳನ್ನು ನೋಡಿದರು. ಆಮೇಲೆ ನನ್ನ ಮುಖಕ್ಕೆ ಬಂದು ಕಣ್ಣು ನಿಂತಿತು. ಬಹಳ ಹೊತ್ತು ನೋಡಿದರು. ಅವರ ಹಣೆ ಗಂಟಿಕ್ಕಿತು. ನಮ್ಮ ಅಪ್ಪ ತೀರಿಹೋದಾಗಲೂ ಗಂಡನೆದುರಿಗೆ ಅಳದ ಹೆಂಗಸು ನಾನು. ತುಟಿ ಅಲುಗಿತು. ನಾನು ಬಗ್ಗಿ ಬಾಯಿಯ ಹತ್ತಿರ ಕಿವಿ ಇಟ್ಟೆ. ಒಣಗಿದ ಗಂಟಲಿನಿಂದ, ಹೆದರಿದ ದನಿಯಲ್ಲಿ ಕೇಳಿದರು.

"ಯಾರು ಹೋದ್ರು?"

"ಯಾರೂ ಹೋಗಿಲ್ರೀ" ಎಂದೆ. "ಯಾರೂ ಹೋಗಿಲ್ಲ."